ಸೇಲ್ಸ್ ಡೇಟಾಗೆ ಒಂದು ಸರ್ಚ್ ಬಾಕ್ಸ್: ‘ಹೋದ ಯುಗಾದಿಗೆ ಬೆಲ್ಲ ಎಷ್ಟು ಹೋಯ್ತು?’ ಅಂದರೆ ಉತ್ತರ ಬರುವ ಹಾಗೆ ಕಟ್ಟುವುದು

ಯಶವಂತಪುರದ ಒಂದು ದಿನಸಿ ಹೋಲ್‌ಸೇಲ್ ಕಂಪನಿಯಲ್ಲಿ ನಾನು ಡೇಟಾ ನೋಡಿಕೊಳ್ಳುತ್ತೇನೆ. ಬೇಳೆ, ಬೆಲ್ಲ, ರವೆ, ಎಣ್ಣೆ, ಮಸಾಲೆ ಸಾಮಾನು ನಮ್ಮ ವ್ಯಾಪಾರ. ಬೆಂಗಳೂರಿನ ಅಂಗಡಿಗಳಿಗೆ ಇಲ್ಲಿಂದಲೇ ಮಾಲು ಹೋಗುತ್ತದೆ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದಲ್ಲಿ ಗೋಡೌನ್‌ಗಳಿವೆ. ಬಿಲ್ಲಿಂಗ್ ಎಲ್ಲ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ರಾತ್ರಿ ಆ ಡೇಟಾ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬರುತ್ತದೆ, ಬೆಳಗ್ಗೆ ಡ್ಯಾಶ್‌ಬೋರ್ಡ್‌ಗಳು (ಸಂಖ್ಯೆ, ಚಾರ್ಟ್ ತೋರಿಸುವ ಪುಟಗಳು) ಸಿದ್ಧ ಇರುತ್ತವೆ.

ಆದರೂ ಜನ ಡ್ಯಾಶ್‌ಬೋರ್ಡ್ ತೆರೆಯುವುದು ಕಮ್ಮಿ. ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ‘ಮೇಡಂ, ಹ್ವಾದ ತಿಂಗಳ ಶೇಂಗಾ ಎಷ್ಟ ಹೋಗೇತ್ರಿ?’ ಅಂತ ಹುಬ್ಬಳ್ಳಿ ಗೋಡೌನ್ ಮ್ಯಾನೇಜರ್. ‘ಮಂಡ್ಯ ಲೈನಲ್ಲಿ ಬಾಕಿ ಎಷ್ಟು ನಿಂತಿದೆ ಮೇಡಂ?’ ಅಂತ ಕಲೆಕ್ಷನ್ ಹುಡುಗರು. (ಲೈನ್ ಅಂದರೆ ಒಂದು ದಾರಿಯಲ್ಲಿ ನಮ್ಮ ಮಾಲು ಹೋಗುವ ಅಂಗಡಿಗಳು.) ಎರಡಕ್ಕೂ ಉತ್ತರ ಡ್ಯಾಶ್‌ಬೋರ್ಡ್‌ನಲ್ಲಿ ಇದೆ. ಆದರೆ ಯಾವ ಪುಟ, ಯಾವ ಫಿಲ್ಟರ್, ಶೇಂಗಾವನ್ನು ಅಲ್ಲಿ ಏನಂತ ಬರೆದಿದ್ದಾರೆ ಅನ್ನೋದು ಅವರಿಗೆ ಗೊತ್ತಿರಬೇಕು. ಅದು ಅವರ ಕೆಲಸ ಅಲ್ಲ. ಅವರಿಗೆ ಗೊತ್ತಿರುವುದು ಅವರ ಪ್ರಶ್ನೆ. ಆ ಪ್ರಶ್ನೆಯನ್ನೇ ಟೈಪ್ ಮಾಡಿದರೆ ಉತ್ತರ ಬರಬೇಕು. ಹಾಗೆ ಬರುವ ಸರ್ಚ್ ಬಾಕ್ಸ್ ಅನ್ನು ನಾವು ಹೇಗೆ ಕಟ್ಟಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಬಟ್ಟೆ ವ್ಯಾಪಾರ ಇರಬಹುದು, ಔಷಧಿ ಇರಬಹುದು, ಪೀಣ್ಯದಲ್ಲಿ ಒಂದು ಫ್ಯಾಕ್ಟರಿ ಇರಬಹುದು. ದಾರಿ ಇದೇ.

ಹುಡುಕುವುದು ಸರ್ಚ್, ಕೂಡುವುದು ಡೇಟಾಬೇಸ್

ಎಲ್ಲಕ್ಕಿಂತ ಮೊದಲು ಈ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಸರ್ಚ್ ಅಂದ ತಕ್ಷಣ ಎಷ್ಟೋ ಜನ ಬಿಲ್‌ಗಳ ಎಲ್ಲ ಸಾಲನ್ನೂ ಎಲಾಸ್ಟಿಕ್‌ಸರ್ಚ್ ಥರದ ಸರ್ಚ್ ಎಂಜಿನ್‌ಗೆ ತುಂಬಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸರ್ಚ್ ಎಂಜಿನ್ ಒಳಗೆ ಇರುವುದು ಪುಸ್ತಕದ ಕೊನೆಯಲ್ಲಿ ಬರುವ ಪದಸೂಚಿಯಂಥದ್ದು: ಈ ಪದ ಯಾವ ಯಾವ ಪುಟದಲ್ಲಿದೆ ಅನ್ನುವ ಪಟ್ಟಿ. 1999ರಲ್ಲಿ ಡಗ್ ಕಟಿಂಗ್ ಬರೆದ ಲೂಸೀನ್ ಅನ್ನುವ ಸರ್ಚ್ ಸಾಫ್ಟ್‌ವೇರ್ ಮಾಡುವುದು ಇದನ್ನೇ. 2010ರಲ್ಲಿ ಬಂದ ಎಲಾಸ್ಟಿಕ್‌ಸರ್ಚ್, 2021ರಲ್ಲಿ ಅದರಿಂದ ಕವಲೊಡೆದ ಓಪನ್‌ಸರ್ಚ್, ಎರಡೂ ಲೂಸೀನ್ ಮೇಲೇ ನಿಂತಿವೆ. ಪದ ಹುಡುಕುವುದರಲ್ಲಿ ಇವನ್ನು ಮೀರಿಸುವುದು ಕಷ್ಟ.

ಲೆಕ್ಕದ ವಿಷಯ ಬೇರೆ. ರಿಟರ್ನ್ ಬಂದ ಮಾಲು, ಕ್ರೆಡಿಟ್ ನೋಟ್, ಸ್ಕೀಮ್‌ನಲ್ಲಿ ಕೊಟ್ಟ ರಿಯಾಯಿತಿ, ಇವೆಲ್ಲ ನಾಲ್ಕಾರು ಟೇಬಲ್‌ಗಳಲ್ಲಿ ಹರಡಿರುತ್ತವೆ. ಅವನ್ನು ಸರಿಯಾಗಿ ಜೋಡಿಸಿ ಕಳೆಯುವುದು ಡೇಟಾಬೇಸ್ ಕೆಲಸ. ಎಲಾಸ್ಟಿಕ್‌ಸರ್ಚ್‌ನಲ್ಲಿ ‘ಒಟ್ಟು ಎಷ್ಟು ಬೇರೆ ಬೇರೆ ಪಾರ್ಟಿಗಳು (ಮಾಲು ಕೊಳ್ಳುವ ಅಂಗಡಿಯವರು) ಖರೀದಿ ಮಾಡಿದರು’ ಅಂತ ಎಣಿಸಿದರೆ ದೊಡ್ಡ ಡೇಟಾದಲ್ಲಿ ಅದು ಕೊಡುವುದು ಅಂದಾಜು. ನಮ್ಮ ಅಕೌಂಟೆಂಟ್ ಮೇಡಂ ಮುಂದೆ ಅಂದಾಜು ಇಟ್ಟರೆ ಆಯ್ತು ಕಥೆ. ಸರ್ಚ್ ತೋರಿಸಿದ ಸಂಖ್ಯೆ ಟ್ಯಾಲಿಗಿಂತ ಒಂದು ಸಲ ಬೇರೆ ಬಂದರೆ ಸಾಕು, ಆಮೇಲೆ ಆ ಬಾಕ್ಸ್ ಕಡೆ ಯಾರೂ ತಿರುಗಿ ನೋಡಲ್ಲ.

ಆದ್ದರಿಂದ ಸರ್ಚ್ ಇಂಡೆಕ್ಸ್‌ನಲ್ಲಿ, ಅಂದರೆ ಆ ಪದಸೂಚಿಯಲ್ಲಿ, ಬಿಲ್ ಇರುವುದಿಲ್ಲ. ಅಲ್ಲಿ ಇರುವುದು ಜನ ಆಡುವ ಪದಗಳು. ಮಾಲಿನ ಹೆಸರು, ಊರು, ಲೈನ್, ಪಾರ್ಟಿ, ‘ಸೇಲ್ಸ್’ ‘ಬಾಕಿ’ ಥರದ ಅಳತೆಗಳು, ‘ಹೋದ ತಿಂಗಳು’ ಥರದ ಕಾಲದ ಮಾತುಗಳು, ಮೊದಲೇ ಮಾಡಿಟ್ಟ ರಿಪೋರ್ಟ್‌ಗಳ ಹೆಸರು. ಪ್ರಶ್ನೆ ಬಂದಾಗ ಸರ್ಚ್ ಈ ಪದಗಳನ್ನು ಗುರುತಿಸುತ್ತದೆ. ಗುರುತಿಸಿದ್ದನ್ನು ಒಂದು ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ನಮೂನೆಗೆ ತುಂಬಿಸಿ ಪೋಸ್ಟ್‌ಗ್ರೆಸ್‌ಗೆ ಕಳಿಸುತ್ತೇವೆ. ಸಂಖ್ಯೆ ಬರುವುದು ಅಲ್ಲಿಂದ ಮಾತ್ರ. ಇದು ಹೊಸ ಯೋಚನೆ ಏನಲ್ಲ, 2012ರಲ್ಲಿ ಶುರುವಾದ ಥಾಟ್‌ಸ್ಪಾಟ್ ಕಂಪನಿ ಸರ್ಚ್ ಬಾಕ್ಸ್ ಅನ್ನೇ ಮುಂದಿಟ್ಟುಕೊಂಡು ಬೆಳೆಯಿತು. ಆದರೆ ನಮ್ಮ ಜನ ಆಡುವ ಕನ್ನಡಕ್ಕೆ ಹೊಂದಿಸಬೇಕು ಅಂದರೆ ಕೈಯಾರೆ ಮಾಡುವ ಕೆಲಸ ಜಾಸ್ತಿ ಇರುತ್ತದೆ.

ಮೊದಲು ಪ್ರಶ್ನೆ ಕೂಡಿಹಾಕಿ

ಸಾಫ್ಟ್‌ವೇರ್ ಇಳಿಸಿಕೊಳ್ಳುವ ಮೊದಲು ವಾಟ್ಸಾಪ್ ಗ್ರೂಪ್ ತೆರೆಯಿರಿ. ಹಿಂದಿನ ಕೆಲವು ತಿಂಗಳ ಪ್ರಶ್ನೆಗಳನ್ನು ಇದ್ದ ಹಾಗೇ ಒಂದು ಶೀಟ್‌ಗೆ ಹಾಕಿ. ತಿದ್ದಬೇಡಿ. ‘ಸಕ್ರೆ’ ಅಂತ ಬರೆದಿದ್ದರೆ ‘ಸಕ್ರೆ’ ಅಂತಲೇ ಇರಲಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ ಅದೂ ಹಾಗೇ ಇರಲಿ. ಆಮೇಲೆ ಒಂದೊಂದು ಪ್ರಶ್ನೆಯ ಪದಗಳಿಗೂ ಬಣ್ಣ ಹಚ್ಚಿ: ಮಾಲಿಗೆ ಒಂದು, ಊರಿಗೆ ಒಂದು, ಕಾಲಕ್ಕೆ ಒಂದು, ಅಳತೆಗೆ ಒಂದು.

ಹೀಗೆ ಮಾಡಿದರೆ ಜನ ನಿಜವಾಗಿ ಏನು ಕೇಳುತ್ತಾರೆ ಅನ್ನೋದು ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಮುಕ್ಕಾಲು ಪ್ರಶ್ನೆಗಳು ಒಂದೇ ಅಚ್ಚಿನವು: ಈ ಮಾಲು, ಈ ಊರಲ್ಲಿ, ಇಷ್ಟು ದಿನದಲ್ಲಿ, ಎಷ್ಟು. ಬಾಕಿಯದ್ದು ಇನ್ನೊಂದು ಅಚ್ಚು. ದರದ್ದು ಮತ್ತೊಂದು. ಎಸ್‌ಕ್ಯೂಎಲ್ ನಮೂನೆಗಳು ಕೈಬೆರಳೆಣಿಕೆಯಷ್ಟು ಸಾಕಾದವು.

ಅಳತೆಗಳ ಅರ್ಥ ಗಟ್ಟಿ ಮಾಡಿಕೊಳ್ಳಿ

‘ಸೇಲ್ಸ್ ಎಷ್ಟು?’ ಅನ್ನುವ ಪ್ರಶ್ನೆಗೆ ನಮ್ಮಲ್ಲಿ ಮೂರು ಉತ್ತರ ಇದ್ದವು. ಸೇಲ್ಸ್ ತಂಡಕ್ಕೆ ಅದು ಬಿಲ್ ಆದ ಮೊತ್ತ. ಗೋಡೌನ್‌ಗೆ ಲೋಡ್ ಆಗಿ ಹೊರಟ ಮಾಲು. ಅಕೌಂಟ್ಸ್‌ಗೆ ರಿಟರ್ನ್ ಕಳೆದು, ಜಿಎಸ್‌ಟಿ ಬಿಟ್ಟು ಉಳಿದದ್ದು.

ದಿನಸಿಯಲ್ಲಿ ಜಿಎಸ್‌ಟಿ ವಿಷಯ ಸುಮ್ನೆ ಬಿಡುವಂಥದ್ದಲ್ಲ. 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಪ್ಯಾಕ್ ಮಾಡಿದ, 25 ಕೆಜಿವರೆಗಿನ ಬೇಳೆ ಮೇಲೆ 5% ಜಿಎಸ್‌ಟಿ ಬಂತು. 50 ಕೆಜಿ ಮೂಟೆಗೆ ಅದಿಲ್ಲ. ಅಂದರೆ ಒಂದೇ ತೊಗರಿಬೇಳೆ, 1 ಕೆಜಿ ಪ್ಯಾಕೆಟ್‌ನಲ್ಲಿ ಹೋದರೆ ತೆರಿಗೆ ಸೇರಿದ ಬಿಲ್, ಮೂಟೆಯಲ್ಲಿ ಹೋದರೆ ತೆರಿಗೆ ಇಲ್ಲದ ಬಿಲ್. ತೆರಿಗೆ ಸೇರಿಸಿ ಕೂಡಿದರೆ ಪ್ಯಾಕೆಟ್ ಮಾರುವ ಲೈನ್ ಸುಮ್ಮನೆ ದೊಡ್ಡದಾಗಿ ಕಾಣುತ್ತದೆ. ಅಕೌಂಟ್ಸ್‌ನವರ ಜೊತೆ ಕೂತು ಒಂದು ಅರ್ಥ ಹಿಡಿಯಿರಿ. ನಮ್ಮಲ್ಲಿ ಸೇಲ್ಸ್ ಅಂದರೆ ಬಿಲ್ ದಿನಾಂಕದ ಮೇಲೆ, ರಿಟರ್ನ್ ಕಳೆದು, ಜಿಎಸ್‌ಟಿ ಬಿಟ್ಟು. ಮಿಕ್ಕ ಎರಡಕ್ಕೂ ಬೇರೆ ಹೆಸರಿಟ್ಟೆವು: ‘ಬಿಲ್ ಮೊತ್ತ’, ‘ರವಾನೆ’. ಪ್ರತಿಯೊಂದಕ್ಕೂ ಒಂದೊಂದು ಸಾಲು ವಿವರಣೆ. ಉತ್ತರದ ಕೆಳಗೆ ಆ ಸಾಲು ಯಾವಾಗಲೂ ಕಾಣುತ್ತದೆ.

‘ಎಷ್ಟು ಹೋಯ್ತು’ ಅನ್ನುವುದಕ್ಕೂ ಒಂದು ನಿರ್ಧಾರ ಬೇಕು. ದುಡ್ಡೋ, ತೂಕವೋ? ಗೋಡೌನ್‌ನವರು ಕೇಳಿದರೆ ಮೂಟೆ, ಮಾಲೀಕರು ಕೇಳಿದರೆ ರೂಪಾಯಿ. ನಾವು ಎರಡನ್ನೂ ಪಕ್ಕಪಕ್ಕ ತೋರಿಸುತ್ತೇವೆ. ‘ಎಷ್ಟು ಮೂಟೆ’, ‘ಎಷ್ಟು ಕ್ವಿಂಟಾಲ್’ ಅಂತ ಬಿಡಿಸಿ ಕೇಳಿದರೆ ಅದೊಂದೇ.

ಕಾರ್ಡ್ ಬರೆಯುವುದು

ಈಗ ಇಂಡೆಕ್ಸ್. ಒಂದೊಂದು ಪದಕ್ಕೂ ಒಂದು ಕಾರ್ಡ್ ಅಂತ ಇಟ್ಟುಕೊಳ್ಳಿ. ಕಾರ್ಡ್‌ನಲ್ಲಿ ಇರಬೇಕಾದ್ದು ಇಷ್ಟು: ತೋರಿಸುವ ಹೆಸರು, ಬಗೆ (ಮಾಲು, ಊರು, ಪಾರ್ಟಿ, ಅಳತೆ, ಕಾಲ, ರಿಪೋರ್ಟ್), ಡೇಟಾಬೇಸ್‌ನಲ್ಲಿ ಅದರ ಕೋಡ್, ಜನ ಕರೆಯುವ ಬೇರೆ ಹೆಸರುಗಳು, ಎಷ್ಟು ಸಲ ಬಳಕೆಯಾಗುತ್ತದೆ, ಯಾರು ನೋಡಬಹುದು.

ಬೇರೆ ಹೆಸರುಗಳ ಸಾಲಿನಲ್ಲೇ ಅರ್ಧ ಕೆಲಸ ಇದೆ. ನಮ್ಮ ಐಟಂ ಮಾಸ್ಟರ್‌ನಲ್ಲಿ, ಅಂದರೆ ಮಾಲುಗಳ ಪಟ್ಟಿಯಲ್ಲಿ, ಇರುವುದು ‘ಗ್ರೌಂಡ್‌ನಟ್’. ಬೆಂಗಳೂರಿನ ಸೇಲ್ಸ್‌ಮನ್‌ಗೆ ಅದು ಕಡಲೆಬೀಜ, ಕಡ್ಲೆಬೀಜ. ಹುಬ್ಬಳ್ಳಿಯಲ್ಲಿ ಶೇಂಗಾ. ಹುರಿಗಡಲೆ ಆ ಕಡೆ ಪುಠಾಣಿ. ಬಾಕಿಗೆ ಉದ್ರಿ ಅನ್ನುವವರಿದ್ದಾರೆ, ಸಾಲ ಅನ್ನುವವರಿದ್ದಾರೆ, ಔಟ್‌ಸ್ಟ್ಯಾಂಡಿಂಗ್ ಅನ್ನುವವರೂ ಇದ್ದಾರೆ. ಎಲ್ಲ ಒಂದೇ ಕಾರ್ಡ್‌ಗೆ ಹೋಗಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಿಗೂ ದಾರಿ ಬೇಕು. ‘ತೊಗರಿ’ಯ ತಕಾರಕ್ಕೆ ಬರೀ ಟಿ ಹಾಕುವವರಿದ್ದಾರೆ, ಟಿ ಜೊತೆ ಎಚ್ ಹಾಕುವವರಿದ್ದಾರೆ, ಕೊನೆಯ ಇಕಾರಕ್ಕೆ ಎರಡು ಇ ಹಾಕುವವರೂ ಇದ್ದಾರೆ. ಈ ಬಗೆಗಳನ್ನು ಒಂದು ಚಿಕ್ಕ ಸ್ಕ್ರಿಪ್ಟ್‌ನಿಂದ ಹುಟ್ಟಿಸಿ ಕಾರ್ಡ್‌ಗೆ ಸೇರಿಸಿಬಿಡಿ.

ಊರುಗಳ ಹೆಸರು ಹುಷಾರಾಗಿ ನೋಡಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಳೆಯ ಲೆಡ್ಜರ್‌ಗಳಲ್ಲಿ ಹುಬ್ಲಿ, ಶಿಮೋಗಾ, ಬೆಲ್ಗಾಂ, ಗುಲ್ಬರ್ಗಾ ಅಂತಲೇ ಇದೆ. ಇವನ್ನು ಸೇರಿಸುವುದು ಸುಲಭ. ಬಿಜಾಪುರದ ಹತ್ತಿರ ಬಂದಾಗ ನಿಲ್ಲಿ. ಬಿಜಾಪುರ ಈಗ ವಿಜಯಪುರ. ಆದರೆ ಬೆಂಗಳೂರಿನ ಹತ್ತಿರದ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಅಲ್ಲೂ ನಮಗೆ ಪಾರ್ಟಿಗಳಿದ್ದಾರೆ. ಅದೇ ಥರ ಬೆಂಗಳೂರಿನ ವಿಜಯನಗರ ಬಡಾವಣೆ, 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ನಮ್ಮ ಲೈನ್ ಪಟ್ಟಿಯಲ್ಲಿ ‘ಬೆಂಗಳೂರು ದಕ್ಷಿಣ’ ಅಂದರೆ ಜಯನಗರ, ಬನಶಂಕರಿ, ಜೆಪಿ ನಗರ.

ಈ ಕಾರಣಕ್ಕೇ ನಾನು ಸರ್ಚ್ ಎಂಜಿನ್‌ನ ಸಮಾನಾರ್ಥಕ ಪದಗಳ ಫೈಲ್ ಬಳಸಲಿಲ್ಲ. ಆ ಫೈಲ್‌ನಲ್ಲಿ ‘ಬಿಜಾಪುರ ಅಂದರೆ ವಿಜಯಪುರ’ ಅಂತ ಬರೆದರೆ ಅದು ಎಲ್ಲ ಕಡೆಯೂ ಜಾರಿಯಾಗುತ್ತದೆ. ದೇವನಹಳ್ಳಿ ಕಡೆಯ ಊರೂ ಬಿಜಾಪುರ ಅಂತ ಹುಡುಕಿದರೆ ಸಿಗುತ್ತದೆ. ಹೆಸರುಗಳನ್ನು ಕಾರ್ಡ್ ಒಳಗೇ ಇಟ್ಟರೆ ಬಿಜಾಪುರ ಅನ್ನುವ ಹೆಸರು ಒಂದೇ ಕಾರ್ಡ್‌ನಲ್ಲಿ ಇರುತ್ತದೆ. ವಿಜಯಪುರ ಅಂದಾಗ ಎರಡೂ ಕಾರ್ಡ್ ಬರುತ್ತವೆ, ಕೇಳಿದವರು ಒಂದನ್ನು ಆರಿಸುತ್ತಾರೆ. ಕಾರ್ಡ್‌ಗಳ ಅಸಲಿ ಪ್ರತಿ ಪೋಸ್ಟ್‌ಗ್ರೆಸ್ ಟೇಬಲ್‌ನಲ್ಲಿದೆ. ಟ್ಯಾಲಿ ಡೇಟಾ ಬಂದ ಮೇಲೆ ಹೊಸ ಇಂಡೆಕ್ಸ್ ಪೂರ್ತಿ ಕಟ್ಟಿ, ಆಮೇಲೆ ಹಳೆಯದರ ಜಾಗಕ್ಕೆ ಅದನ್ನು ತಿರುಗಿಸುತ್ತೇವೆ. ಕೆಲವು ಸಾವಿರ ಕಾರ್ಡ್‌ಗೆ ಅದೇನು ದೊಡ್ಡ ಹೊತ್ತಿನ ಕೆಲಸ ಅಲ್ಲ.

ಕನ್ನಡ ಅಕ್ಷರಗಳ ಜೊತೆ ವ್ಯವಹಾರ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಕನ್ನಡದಲ್ಲಿ ಸರ್ಚ್ ಕಟ್ಟುವವರು ಜಾಸ್ತಿ ಎಡವುವುದು ಇಲ್ಲೇ.

ಒಂದೇ ರೀತಿ ಕಾಣುವ ಪದ ಒಳಗೆ ಬೇರೆ ಬೇರೆ ಇರಬಹುದು. ‘ತೊ’ ಅಕ್ಷರದ ಒಕಾರ ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪದ್ಧತಿ) ಒಂದೇ ಚಿಹ್ನೆಯಾಗಿಯೂ ಇರುತ್ತದೆ, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಮುಂದೆ ಒಂದು ಹಾಕಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ‘ಹೋಲ್‌ಸೇಲ್’ ಅಂತ ಬಿಡಿಸಿ ಬರೆಯಲು ಮಧ್ಯೆ ಕಾಣದ ಒಂದು ಚಿಹ್ನೆ ಬೇಕು. ಒಬ್ಬರ ಫೋನ್ ಅದನ್ನು ಹಾಕುತ್ತದೆ, ಇನ್ನೊಬ್ಬರದ್ದು ‘ಹೋಲ್ಸೇಲ್’ ಅಂತ ಒತ್ತು ಕೊಟ್ಟು ಬರೆಯುತ್ತದೆ. ಇದಕ್ಕೆಲ್ಲ ಸರ್ಚ್ ಎಂಜಿನ್‌ಗೆ ಸೇರಿಸಿಕೊಳ್ಳುವ ಐಸಿಯು ಪ್ಲಗಿನ್‌ನಲ್ಲಿ ನಾರ್ಮಲೈಸರ್ (ಬರಹವನ್ನು ಒಂದೇ ರೂಪಕ್ಕೆ ತರುವ ಭಾಗ) ಇದೆ. ಎರಡು ಒಕಾರವನ್ನೂ ಒಂದು ಮಾಡುತ್ತದೆ, ಕಾಣದ ಚಿಹ್ನೆ ತೆಗೆಯುತ್ತದೆ. ಅದರ ಜೊತೆ ಅಂಕಿಗಳನ್ನು ಒಂದು ಮಾಡುವ ಫಿಲ್ಟರ್ ಹಾಕಿ. ೨೦೨೪ ಅಂತ ಬರೆದರೂ 2024 ಅಂತ ಬರೆದರೂ ಒಂದೇ ಆಗಲಿ. ಹಾಕಿದ ಮೇಲೆ ‘ತೊಗರಿಬೇಳೆ’, ‘ಮೆಂತ್ಯ’, ‘ಚಿರೋಟಿ ರವೆ’ ಇವನ್ನು ಸರ್ಚ್ ಎಂಜಿನ್‌ನಿಂದ ಅನಲೈಸ್ ಮಾಡಿಸಿ (ಪದಗಳಾಗಿ ಬಿಡಿಸಿ) ಏನು ಹೊರಗೆ ಬರುತ್ತದೆ ನೋಡಿ. ಒತ್ತಕ್ಷರದ ಹತ್ತಿರ ಪದ ತುಂಡಾಗಿದ್ದರೆ ಮುಂದೆ ಹೋಗಬೇಡಿ, ಮೊದಲು ಅದನ್ನು ಸರಿ ಮಾಡಿ.

ಇನ್ನು ತಪ್ಪು ಕಾಗುಣಿತ. ಎಲಾಸ್ಟಿಕ್‌ಸರ್ಚ್, ಓಪನ್‌ಸರ್ಚ್ ಎರಡರಲ್ಲೂ ‘ಆಟೋ’ ಅಂತ ಒಂದು ಆಯ್ಕೆ ಇದೆ. ಎರಡು ಅಕ್ಷರದವರೆಗೆ ತಪ್ಪು ಒಪ್ಪುವುದಿಲ್ಲ. ಮೂರರಿಂದ ಐದಕ್ಕೆ ಒಂದು ತಪ್ಪು, ಐದಕ್ಕಿಂತ ಜಾಸ್ತಿ ಇದ್ದರೆ ಎರಡು ತಪ್ಪು ಒಪ್ಪುತ್ತದೆ. ಒಂದು ತಪ್ಪು ಒಪ್ಪಿದರೆ ಕನ್ನಡದಲ್ಲಿ ತುಂಬಾ ಕೆಲಸ ಆಗುತ್ತದೆ. ಸಕ್ಕರೆ–ಸಕ್ರೆ, ತೊಗರಿ–ತೊಗ್ರಿ, ಕಡಲೆ–ಕಡ್ಲೆ, ಇವೆಲ್ಲ ಒಂದೊಂದೇ ಚಿಹ್ನೆಯ ವ್ಯತ್ಯಾಸ. ಆಡುಮಾತಿನ ರೂಪಗಳು ತಾವಾಗಿಯೇ ಸಿಕ್ಕಿಬಿಡುತ್ತವೆ.

ಎರಡು ತಪ್ಪು ಒಪ್ಪಿದರೆ ಮಾತ್ರ ಕೆಡುತ್ತದೆ. ಯಾಕೆ ಅಂದರೆ ಕಂಪ್ಯೂಟರ್ ಎಣಿಸುವ ‘ಅಕ್ಷರ’ ನಾವು ಎಣಿಸುವ ಅಕ್ಷರ ಅಲ್ಲ. ‘ಬೆಣ್ಣೆ’ ನಮಗೆ ಎರಡೇ ಅಕ್ಷರ. ಅದಕ್ಕೆ ಆರು: ಬ, ಎಕಾರದ ಚಿಹ್ನೆ, ಣ, ಹಲಂತ, ಮತ್ತೆ ಣ, ಮತ್ತೆ ಎಕಾರದ ಚಿಹ್ನೆ. ಐದಕ್ಕಿಂತ ಜಾಸ್ತಿ ಆಯ್ತಲ್ಲ, ಎರಡು ತಪ್ಪಿಗೆ ಅವಕಾಶ ಸಿಕ್ಕಿತು. ‘ಬ’ ತೆಗೆದು, ಅದರ ಮುಂದಿನ ಚಿಹ್ನೆಯ ಜಾಗಕ್ಕೆ ‘ಎ’ ಹಾಕಿದರೆ ಎಣ್ಣೆ! ಬೆಣ್ಣೆ ಕೇಳಿದವರಿಗೆ ಎಣ್ಣೆ ಸೇಲ್ಸ್ ಬರುತ್ತದೆ. ಅದಕ್ಕೆ ಕನ್ನಡ ಲಿಪಿಯ ಪದಗಳಿಗೆ ‘ಆಟೋ’ ಬೇಡ. ಒಂದೇ ತಪ್ಪು ಅಂತ ನಿಗದಿ ಮಾಡಿ. ಮೊದಲ ಅಕ್ಷರ ಸರಿ ಇರಲೇಬೇಕು ಅನ್ನುವ ಷರತ್ತನ್ನೂ ಹಾಕಿ. ಮತ್ತೆ ಸರಿಯಾಗಿ ಹೊಂದಿದ ಪದಕ್ಕೆ ಯಾವಾಗಲೂ ಮೊದಲ ಸ್ಥಾನ ಕೊಡಿ.

ಆಮೇಲೆ ವಿಭಕ್ತಿಗಳು. ಮೈಸೂರಿನಲ್ಲಿ, ಮೈಸೂರಲ್ಲಿ, ಮೈಸೂರಿಗೆ, ಮೈಸೂರಿಂದ. ಬೆಲ್ಲದ, ಬೆಲ್ಲಕ್ಕೆ. ಪೋಸ್ಟ್‌ಗ್ರೆಸ್‌ನ ಪಠ್ಯ ಹುಡುಕಾಟದ ಜೊತೆ ಹಿಂದಿಗೂ ತಮಿಳಿಗೂ ಪದದ ಮೂಲ ರೂಪ ಹಿಡಿಯುವ ವ್ಯವಸ್ಥೆ ಬರುತ್ತದೆ, ಕನ್ನಡಕ್ಕೆ ಬರುವುದಿಲ್ಲ. ಆದರೆ ಇಡೀ ಕನ್ನಡ ವ್ಯಾಕರಣ ಬರೆಯುವ ಅಗತ್ಯವೂ ಇಲ್ಲ. ಬಾಕ್ಸ್‌ಗೆ ಬರುವ ಪ್ರತ್ಯಯಗಳು ಕಮ್ಮಿ: ಅಲ್ಲಿ, ಗೆ, ಇಗೆ, ಕ್ಕೆ, ಇಂದ, ಇನ, ದ, ಯ. ಉದ್ದದಿಂದ ಗಿಡ್ಡಕ್ಕೆ ಒಂದೊಂದಾಗಿ ಕಳಚಿ ನೋಡಿ, ಉಳಿದದ್ದು ಯಾವುದಾದರೂ ಕಾರ್ಡ್‌ಗೆ ಹೊಂದಿದರೆ ಮಾತ್ರ ಒಪ್ಪಿಕೊಳ್ಳಿ. ‘ಮೈಸೂರಿಗೆ’ ಕಳಚಿದರೆ ‘ಮೈಸೂರ’ ಉಳಿಯುತ್ತದೆ. ಕಾರ್ಡ್‌ನ ಹೆಸರಿನ ಕೊನೆಯ ಉಕಾರವನ್ನೂ ತೆಗೆದು ಇಟ್ಟುಕೊಂಡಿದ್ದರೆ ಎರಡೂ ಸೇರುತ್ತವೆ.

ಪದ ಹೊಂದಿಸುವಾಗ ಉದ್ದದ್ದು ಮೊದಲು. ‘ಕಡಲೆ ಬೇಳೆ’ ಅಂತ ಬಿಡಿಸಿ ಬರೆದರೂ ಮೊದಲು ಇಡೀ ಜೋಡಿಯನ್ನು ಹುಡುಕಿ. ಸಿಗದಿದ್ದರೆ ಮಾತ್ರ ಕಡಲೆ ಬೇರೆ, ಬೇಳೆ ಬೇರೆ. ‘ಹೆಸರು’ ಅನ್ನುವ ಪದಕ್ಕೆ ಒಂದು ವಿಶೇಷ ನಿಯಮ ಇಟ್ಟಿದ್ದೇವೆ. ‘ಬಾಕಿ ಇರುವ ಪಾರ್ಟಿ ಹೆಸರು’ ಅಂದರೆ ಹೆಸರುಕಾಳು ಬರಬಾರದು, ಅಲ್ವಾ? ಹಿಂದಿನ ಪದ ಪಾರ್ಟಿಯೋ ಅಂಗಡಿಯೋ ಊರೋ ಆಗಿದ್ದರೆ ಕಾಳಿನ ಕಾರ್ಡ್ ಬಿಟ್ಟುಬಿಡುತ್ತದೆ.

ಕಾಲದ ಮಾತು: ಯುಗಾದಿ ಎಲ್ಲಿ ಬೀಳುತ್ತದೆ?

‘ಹೋದ ತಿಂಗಳು’, ‘ಈ ವಾರ’, ‘ನಿನ್ನೆ’ ಇವು ಸುಲಭ. ‘ಈ ವರ್ಷ’ ಅಂದರೆ ನಮ್ಮಲ್ಲಿ ಏಪ್ರಿಲ್‌ನಿಂದ ಮಾರ್ಚ್. ಕಷ್ಟ ಇರುವುದು ಹಬ್ಬಗಳಲ್ಲಿ. ದಿನಸಿ ವ್ಯಾಪಾರ ಓಡುವುದೇ ಹಬ್ಬದ ಮೇಲೆ. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ. ಯುಗಾದಿಗೆ ಒಬ್ಬಟ್ಟಿನ ಬೇಳೆ, ಬೆಲ್ಲ, ಮೈದಾ, ಚಿರೋಟಿ ರವೆ.

ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಬರುತ್ತದೆ, ತಲೆನೋವಿಲ್ಲ. ಯುಗಾದಿ ಚಂದ್ರನ ಲೆಕ್ಕ. 2023ರಲ್ಲಿ ಮಾರ್ಚ್ 22. ಆ ವರ್ಷ ಅಧಿಕ ಶ್ರಾವಣ ಬಂದದ್ದರಿಂದ ಮುಂದಿನ ಯುಗಾದಿ 2024ರ ಏಪ್ರಿಲ್ 9ಕ್ಕೆ ಹೋಯಿತು. 2025ರಲ್ಲಿ ಮಾರ್ಚ್ 30. ಈಗ ಹಣಕಾಸು ವರ್ಷದ ಗೆರೆ ಎಳೆದು ನೋಡಿ. 2023–24ರಲ್ಲಿ ಯುಗಾದಿಯೇ ಇಲ್ಲ. 2024–25ರಲ್ಲಿ ಎರಡು! ಬೆಲ್ಲದ ಸೇಲ್ಸ್ ಅನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವ ಡ್ಯಾಶ್‌ಬೋರ್ಡ್ ಇದನ್ನು ‘ಭಾರಿ ಬೆಳವಣಿಗೆ’ ಅಂತ ಹಸಿರು ಬಾಣ ಹಾಕಿ ತೋರಿಸಬಹುದು. ನಿಜಕ್ಕೂ ಬದಲಾದದ್ದು ಪಂಚಾಂಗ.

ಇನ್ನೂ ಒಂದು ವಿಷಯ ಇದೆ. ಹೋಲ್‌ಸೇಲ್‌ನಲ್ಲಿ ಹಬ್ಬದ ದಿನ ವ್ಯಾಪಾರ ಇರುವುದಿಲ್ಲ. ಅಂಗಡಿಯವರು ಮೊದಲೇ ತುಂಬಿಕೊಂಡಿರುತ್ತಾರೆ. ಅದಕ್ಕೆ ನಮ್ಮಲ್ಲಿ ‘ಯುಗಾದಿ’ ಅನ್ನುವ ಕಾಲದ ಕಾರ್ಡ್ ಅಂದರೆ ಹಬ್ಬದ ಹಿಂದಿನ ಮೂರು ವಾರ. 2024ಕ್ಕೆ ಅದು ಮಾರ್ಚ್ 19ರಿಂದ ಏಪ್ರಿಲ್ 8. 2025ಕ್ಕೆ ಮಾರ್ಚ್ 9ರಿಂದ 29. ಮೊದಲನೆಯದು ಎರಡು ಹಣಕಾಸು ವರ್ಷಗಳಲ್ಲಿ ಹಂಚಿಹೋಗುತ್ತದೆ, ಚಿಂತೆ ಇಲ್ಲ. ಹಬ್ಬವನ್ನು ಹಬ್ಬದ ಜೊತೆ ಹೋಲಿಸುವುದು ಮುಖ್ಯ. ‘ಹೋದ ಯುಗಾದಿ’ ಅಂದರೆ ಕೇಳಿದ ದಿನಕ್ಕೆ ಮುಂಚೆ ಮುಗಿದ ಕೊನೆಯ ಯುಗಾದಿ. ‘ಅದರ ಹಿಂದಿನದು’ ಅಂದರೆ ಅದಕ್ಕೂ ಮೊದಲಿನದು.

ಇದಕ್ಕೆ ಬೇಕಾದದ್ದು ಒಂದು ಟೇಬಲ್: ಹಬ್ಬ, ವರ್ಷ, ದಿನಾಂಕ, ವ್ಯಾಪಾರ ಶುರುವಾಗುವ ದಿನ, ಮುಗಿಯುವ ದಿನ. ವರಮಹಾಲಕ್ಷ್ಮಿ, ಗೌರಿ–ಗಣೇಶ, ದಸರಾ, ದೀಪಾವಳಿ ಎಲ್ಲವನ್ನೂ ಹಾಕಿ. ವರ್ಷಕ್ಕೊಮ್ಮೆ ಪಂಚಾಂಗ ನೋಡಿ ಮುಂದಿನ ವರ್ಷದ್ದು ತುಂಬಿ. ಎಷ್ಟು ದಿನ ಮೊದಲಿನಿಂದ ಎಣಿಸಬೇಕು ಅನ್ನೋದನ್ನು ಗೋಡೌನ್‌ನವರನ್ನು ಕೇಳಿ, ಅವರಿಗೆ ಅದು ಬಾಯಲ್ಲೇ ಇರುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಈ ಟೇಬಲ್.

ಅರ್ಥವಾದದ್ದನ್ನು ತೋರಿಸಿ, ಆಮೇಲೆ ಸಂಖ್ಯೆ

‘ಹೋದ ಯುಗಾದಿಗೆ ಮೈಸೂರಲ್ಲಿ ಅಚ್ಚುಬೆಲ್ಲ ಎಷ್ಟು ಹೋಯ್ತು’ ಅಂತ ಟೈಪ್ ಮಾಡಿದರೆ ಬಾಕ್ಸ್ ಕೆಳಗೆ ಮೊದಲು ನಾಲ್ಕು ಚಿಕ್ಕ ಚೀಟಿಗಳು ಬರುತ್ತವೆ: ಸೇಲ್ಸ್, ಅಚ್ಚುಬೆಲ್ಲ, ಮೈಸೂರು ಗೋಡೌನ್, ಯುಗಾದಿಯ ಮೂರು ವಾರ (ದಿನಾಂಕದ ಸಮೇತ). ಯಾವ ಚೀಟಿ ಒತ್ತಿದರೂ ಬದಲಾಯಿಸಬಹುದು. ಮೈಸೂರು ಗೋಡೌನ್ ಬೇಡ, ಮೈಸೂರು ಜಿಲ್ಲೆಯ ಪಾರ್ಟಿಗಳು ಬೇಕು ಅಂದರೆ ಒಂದು ಒತ್ತು ಸಾಕು. ಅರ್ಥವಾಗದ ಪದ ಇದ್ದರೆ ಅದು ಬೂದು ಬಣ್ಣದಲ್ಲಿ ನಿಲ್ಲುತ್ತದೆ. ಸುಮ್ಮನೆ ಅದನ್ನು ನುಂಗಿಕೊಂಡು ಸಂಖ್ಯೆ ಕೊಡುವ ಬಾಕ್ಸ್ ಅಪಾಯಕಾರಿ. ‘ಪುಡಿಬೆಲ್ಲ’ದ ‘ಪುಡಿ’ ಕೈಬಿಟ್ಟು ಎಲ್ಲ ಬೆಲ್ಲದ ಲೆಕ್ಕ ಕೊಟ್ಟರೆ ನೋಡಿದವರಿಗೆ ತಪ್ಪು ಅಂತ ತಿಳಿಯುವ ದಾರಿಯೇ ಇರುವುದಿಲ್ಲ.

ಯಾವುದು ಮೊದಲು ಬರಬೇಕು ಅನ್ನೋದರಲ್ಲಿ ಎಂಜಿನ್‌ನ ಮಾತೊಂದನ್ನೇ ಕೇಳಬೇಡಿ. ಲೂಸೀನ್ ಬಳಸುವ ಬಿಎಂ25 ಸೂತ್ರ ಅಪರೂಪದ ಪದಕ್ಕೆ ಜಾಸ್ತಿ ತೂಕ ಕೊಡುತ್ತದೆ. ಲೇಖನ ಹುಡುಕಲು ಅದು ಸರಿ. ನಮ್ಮ ಕಾರ್ಡ್‌ಗಳಲ್ಲಿ ದಿನಾ ಮಾರುವ ತೊಗರಿಬೇಳೆ ಹಿಂದೆ ಬಿದ್ದು, ಎಂದೋ ಒಮ್ಮೆ ತರಿಸಿದ ಬ್ರ್ಯಾಂಡ್ ಮುಂದೆ ಬರಬಹುದು. ಬಳಕೆ ಎಷ್ಟು ಅನ್ನುವ ಸಂಖ್ಯೆಯನ್ನು ಲೆಕ್ಕಕ್ಕೆ ಸೇರಿಸಿ.

ಯಾರು ಏನು ನೋಡಬಹುದು ಅನ್ನೋದು ಇನ್ನೊಂದು ಗಂಭೀರ ವಿಷಯ. ಪೋಸ್ಟ್‌ಗ್ರೆಸ್‌ನಲ್ಲಿ 9.5ನೇ ಆವೃತ್ತಿಯಿಂದ ಸಾಲಿನ ಮಟ್ಟದಲ್ಲಿ ತಡೆ ಹಾಕಬಹುದು. ಹುಬ್ಬಳ್ಳಿಯವರಿಗೆ ಹುಬ್ಬಳ್ಳಿಯ ಸಾಲುಗಳು ಮಾತ್ರ ಕಾಣುತ್ತವೆ. ಅಷ್ಟಕ್ಕೆ ಮುಗಿಯಿತು ಅಂದುಕೊಳ್ಳಬೇಡಿ. ಟೈಪ್ ಮಾಡುವಾಗ ಕೆಳಗೆ ಬರುವ ಸಲಹೆಗಳೂ ಮಾಹಿತಿಯೇ. ಎರಡು ಅಕ್ಷರ ಒತ್ತಿದ ತಕ್ಷಣ ಬೇರೆ ಲೈನಿನ ದೊಡ್ಡ ಪಾರ್ಟಿಯ ಹೆಸರು ಉದುರಿದರೆ, ಸಂಖ್ಯೆ ಮುಚ್ಚಿಟ್ಟು ಏನು ಬಂತು? ಅದಕ್ಕೇ ಕಾರ್ಡ್‌ನಲ್ಲಿ ‘ಯಾರು ನೋಡಬಹುದು’ ಅಂತ ಇರುವುದು. ಸಲಹೆ ಕೊಡುವ ಹುಡುಕಾಟಕ್ಕೂ ಅದೇ ಫಿಲ್ಟರ್ ಹಾಕಿ.

ಸಿಗದ ಪದಗಳ ಪಟ್ಟಿ

ಶುರು ಮಾಡಿದ ಮೇಲೆ ಬೂದು ಬಣ್ಣದಲ್ಲಿ ನಿಂತ ಪ್ರತಿ ಪದವನ್ನೂ ಬರೆದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಆ ಪಟ್ಟಿ ನೋಡಿ ಕಾರ್ಡ್‌ಗಳಿಗೆ ಸೇರಿಸಿ. ಇದನ್ನು ಡೇಟಾದವರು ಒಬ್ಬರೇ ಮಾಡಬಾರದು. ನಮ್ಮಲ್ಲಿ ಪ್ರತಿ ಗೋಡೌನ್‌ನಿಂದ ಒಬ್ಬರು ತಮ್ಮ ಕಡೆಯ ಪದಗಳನ್ನು ನೋಡುತ್ತಾರೆ. ಯಾವ ಮಾಲಿಗೆ ಯಾವ ಹೆಸರು ಅನ್ನೋದು ಅವರಿಗೇ ಗೊತ್ತು, ಬೆಂಗಳೂರಲ್ಲಿ ಕೂತು ಊಹಿಸುವುದು ಬೇಡ.

ಜೊತೆಗೆ, ಮೊದಲು ಕೂಡಿಹಾಕಿದ ಪ್ರಶ್ನೆಗಳ ಶೀಟ್ ಇದೆಯಲ್ಲ, ಅದರಲ್ಲಿ ಒಂದೊಂದು ಪ್ರಶ್ನೆಯ ಮುಂದೆಯೂ ಬರಬೇಕಾದ ಚೀಟಿಗಳನ್ನು ಬರೆದಿಡಿ. ಇಂಡೆಕ್ಸ್‌ನಲ್ಲಿ ಏನೇ ಬದಲಾಯಿಸಿದರೂ ಇಡೀ ಶೀಟ್ ಒಮ್ಮೆ ಓಡಿಸಿ. ಒಂದು ಹೊಸ ಹೆಸರು ಸೇರಿಸಿದ್ದಕ್ಕೆ ಹಳೆಯ ಯಾವುದೋ ಪ್ರಶ್ನೆ ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎಐ ಬೇಕಾ?

ಎಲ್ಲರೂ ಕೇಳುವ ಪ್ರಶ್ನೆ. ‘ಇಷ್ಟೆಲ್ಲ ಯಾಕೆ, ಭಾಷಾ ಮಾಡೆಲ್‌ಗೆ ಹೇಳಿದರೆ ಅದೇ ಎಸ್‌ಕ್ಯೂಎಲ್ ಬರೆಯುತ್ತಲ್ಲ?’ ಬರೆಯುತ್ತದೆ. ಚೆನ್ನಾಗಿಯೂ ಬರೆಯುತ್ತದೆ. ಆದರೆ ನಮ್ಮ ಸೇಲ್ಸ್ ಅಂದರೆ ಜಿಎಸ್‌ಟಿ ಬಿಟ್ಟದ್ದು, ನಮ್ಮ ಯುಗಾದಿ ಅಂದರೆ ಮೂರು ವಾರ, ನಮ್ಮ ಬೆಂಗಳೂರು ದಕ್ಷಿಣ ಅಂದರೆ ಜಯನಗರದ ಲೈನ್ ಅನ್ನೋದು ಅದಕ್ಕೆ ಯಾರು ಹೇಳಬೇಕು? ಕಾರ್ಡ್‌ಗಳೇ ಹೇಳಬೇಕು. ಹಾಗಾಗಿ ಮೇಲಿನ ಕೆಲಸ ಯಾವುದೂ ತಪ್ಪುವುದಿಲ್ಲ. ನಾವು ಮಾಡೆಲ್ ಅನ್ನು ಒಂದು ಕಡೆ ಮಾತ್ರ ಬಳಸುತ್ತೇವೆ: ಉದ್ದನೆಯ ವಾಕ್ಯ ಬಂದಾಗ, ಸರ್ಚ್ ಹುಡುಕಿಕೊಟ್ಟ ಕಾರ್ಡ್‌ಗಳ ಪೈಕಿ ಯಾವುದು ಹೊಂದುತ್ತದೆ ಅಂತ ಆರಿಸಲು. ಹೊಸ ಕಾರ್ಡ್ ಹುಟ್ಟಿಸುವ ಹಕ್ಕಿಲ್ಲ, ಎಸ್‌ಕ್ಯೂಎಲ್ ಬರೆಯುವ ಹಕ್ಕಿಲ್ಲ. ಆರಿಸಿದ್ದು ಚೀಟಿಗಳಾಗಿ ಕಾಣುತ್ತದೆ, ತಪ್ಪಿದ್ದರೆ ಕೇಳಿದವರೇ ಬದಲಾಯಿಸುತ್ತಾರೆ.

‘ಯಾಕೆ’ ಅನ್ನುವ ಪ್ರಶ್ನೆಗಳನ್ನು ಬಾಕ್ಸ್‌ಗೆ ಬಿಡಬೇಡಿ. ‘ಶಿವಮೊಗ್ಗದಲ್ಲಿ ಎಣ್ಣೆ ಯಾಕೆ ಕಮ್ಮಿ ಆಯ್ತು’ ಅಂತ ಬಂದರೆ ನಮ್ಮದು ಕಾರಣ ಹೇಳುವುದಿಲ್ಲ. ಶಿವಮೊಗ್ಗ, ಎಣ್ಣೆ, ಈ ತಿಂಗಳು ಮತ್ತು ಹೋದ ತಿಂಗಳು ಅಂತ ಚೀಟಿ ಹಾಕಿ, ಯಾವ ಲೈನ್‌ನಲ್ಲಿ ಎಷ್ಟು ಇಳಿಯಿತು, ಯಾವ ಪಾರ್ಟಿ ಈ ಸಲ ತೆಗೆದುಕೊಂಡೇ ಇಲ್ಲ ಅಂತ ಪಟ್ಟಿ ಕೊಡುತ್ತದೆ. ಪಕ್ಕದಲ್ಲಿ ಒಂದು ಬಟನ್ ಇದೆ. ಒತ್ತಿದರೆ ಆ ಪಟ್ಟಿ ಆ ಲೈನಿನ ಸೇಲ್ಸ್‌ಮನ್‌ಗೆ ಹೋಗುತ್ತದೆ. ಆ ಪಾರ್ಟಿಯ ಅಂಗಡಿಗೆ ಹೋಗಿ ಕೇಳಿಕೊಂಡು ಬಂದು, ಕಾರಣವನ್ನು ಅವರೇ ಅದರ ಕೆಳಗೆ ಬರೆಯುತ್ತಾರೆ.